ಕಾಕ್ಲಿಯರ್ ಇಂಪ್ಲಾಂಟ್: ಉಳಿದಿರುವ ಶ್ರವಣವನ್ನು ಕಾಪಾಡಿಕೊಳ್ಳಲು ಚಿಕ್ಕ ಎಲೆಕ್ಟ್ರೋಡ್ ಆರಿಸಬೇಕೆ?

ಇಳಿಜಾರು
ಎಲ್ಲರಿಗೂ ನಮಸ್ಕಾರ. ನನ್ನ ಎರಡೂ ಕಿವಿಗಳ ಆಡಿಯೋಗ್ರಾಮ್, ಅಂದರೆ ಯಾವ ಆವೃತ್ತಿಯ ಶಬ್ದ ಎಷ್ಟು ಜೋರಿದ್ದರೆ ಕೇಳಿಸುತ್ತದೆ ಎಂಬ ನಕ್ಷೆ, ಕಡಿದಾದ ಇಳಿಜಾರಿನಂತಿದೆ. 125ರಿಂದ 500 ಹರ್ಟ್ಸ್‌ವರೆಗೆ 35ರಿಂದ 55 ಡೆಸಿಬೆಲ್‌ನಲ್ಲಿ ಕೇಳಿಸುತ್ತದೆ, 1000 ಹರ್ಟ್ಸ್‌ಗೆ ಬರುವಷ್ಟರಲ್ಲಿ ಅದು 90ಕ್ಕೆ ಕುಸಿಯುತ್ತದೆ, 2000 ದಾಟಿದ ಮೇಲೆ ಯಂತ್ರ ಎಷ್ಟೇ ಜೋರಾಗಿ ಶಬ್ದ ಹೊರಡಿಸಿದರೂ ನನಗೆ ಏನೂ ಕೇಳಿಸುವುದಿಲ್ಲ. ಹೀಗಾಗಿ ಎದುರಿನವರು ಮಾತನಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ, ಏನು ಹೇಳುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಸ್ವರಗಳು ಕಿವಿಗೆ ಬೀಳುತ್ತವೆ, ‘ಸ’, ‘ಶ’, ‘ಚ’, ‘ತ’ಗಳನ್ನು ತುಟಿ ನೋಡಿ ಊಹಿಸಬೇಕು. ಹದಿನೈದು ವರ್ಷ ಶ್ರವಣಸಾಧನ ಹಾಕಿಕೊಂಡ ಮೇಲೆ ಈಗ ವೈದ್ಯರು ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಗಿವಿಯಲ್ಲಿ ತಂತಿಯಂಥ ಎಲೆಕ್ಟ್ರೋಡ್ ಇಟ್ಟು ಶ್ರವಣನರವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಸಾಧನವನ್ನು, ಸೂಚಿಸಿದ್ದಾರೆ.

ಅವರೇ ಹೇಳಿದ ಇನ್ನೊಂದು ಮಾತು ನನ್ನ ನಿದ್ದೆ ಕೆಡಿಸಿದೆ. ಶಸ್ತ್ರಚಿಕಿತ್ಸೆಯಿಂದ ಆ ಕಿವಿಯಲ್ಲಿ ಈಗ ಉಳಿದಿರುವ ತಗ್ಗುದನಿಯ (ಕಡಿಮೆ ಆವೃತ್ತಿಯ) ಶ್ರವಣವೂ ಹೋಗಬಹುದಂತೆ. ರಾತ್ರಿ ಸಾಧನ ತೆಗೆದಿಟ್ಟ ಮೇಲೂ ಬಾಗಿಲು ಬಡಿದರೆ, ಮಗಳು ಪಕ್ಕದ ಕೋಣೆಯಿಂದ ಕೂಗಿದರೆ ನನಗೆ ಗೊತ್ತಾಗುತ್ತದೆ. ಅಷ್ಟನ್ನೂ ಒತ್ತೆಯಿಟ್ಟು ಮಾತನ್ನು ಪಡೆಯಬೇಕೆ? ಚಿಕ್ಕ ಎಲೆಕ್ಟ್ರೋಡ್ ಹಾಕಿದರೆ ಅದು ಉಳಿಯುವ ಸಂಭವ ಹೆಚ್ಚು ಎಂದು ಒಬ್ಬರು, ಉದ್ದನೆಯದನ್ನೇ ಹಾಕಿಸಿಕೊಳ್ಳಿ ಎಂದು ಮತ್ತೊಬ್ಬರು ಹೇಳುತ್ತಾರೆ. ಈ ದಾರಿಯಲ್ಲಿ ಈಗಾಗಲೇ ನಡೆದವರು ದಯವಿಟ್ಟು ಬರೆಯಿರಿ.

ಎರಡು ದನಿ
ನನಗೆ 24 ಮಿಲಿಮೀಟರ್‌ನ ಎಲೆಕ್ಟ್ರೋಡ್ ಹಾಕಿ ನಾಲ್ಕು ವರ್ಷವಾಯಿತು. 500 ಹರ್ಟ್ಸ್‌ವರೆಗಿನ ಶ್ರವಣದಲ್ಲಿ 10ರಿಂದ 15 ಡೆಸಿಬೆಲ್ ಮಾತ್ರ ಕಡಿಮೆಯಾಗಿದೆ. ಒಂದೇ ಕಿವಿಯಲ್ಲಿ ತಗ್ಗಿನ ದನಿಯನ್ನು ಶ್ರವಣಸಾಧನದ ಮೂಲಕ, ಮೇಲಿನದನ್ನು ಇಂಪ್ಲಾಂಟ್ ಮೂಲಕ ಕೇಳುತ್ತಿದ್ದೇನೆ. ಹೆದರಬೇಡಿ, ಹಾಕಿಸಿಕೊಳ್ಳಿ.

ಮೂರನೆಯ ತಿಂಗಳು
‘ಹೆದರಬೇಡಿ’ ಎಂದು ಅಷ್ಟು ಸುಲಭವಾಗಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ನನ್ನ ಆಡಿಯೋಗ್ರಾಮ್ ಕೂಡ ಇದೇ ಆಕಾರದಲ್ಲಿತ್ತು. ಶಸ್ತ್ರಚಿಕಿತ್ಸೆಯಾದ ತಿಂಗಳಿಗೆ ಪರೀಕ್ಷಿಸಿದಾಗ ಬಹುಪಾಲು ಉಳಿದಿತ್ತು, ಎಲ್ಲರೂ ಸಂತೋಷಪಟ್ಟೆವು. ಮೂರನೆಯ ತಿಂಗಳ ಹೊತ್ತಿಗೆ ಅದು ನನ್ನ ಕಣ್ಣೆದುರೇ ಆರಿಹೋಯಿತು. ಈಗ ಇಂಪ್ಲಾಂಟ್‌ನ ಹೊರಭಾಗವಾದ ಪ್ರೊಸೆಸರ್ ತೆಗೆದರೆ ಆ ಕಿವಿಯಲ್ಲಿ ಪೂರ್ಣ ನಿಶ್ಶಬ್ದ. ಮಾತು ಮೊದಲಿಗಿಂತ ಎಷ್ಟೋ ಚೆನ್ನಾಗಿ ತಿಳಿಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹೋದದ್ದು ಹೋದದ್ದೇ, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡೇ ಹೊರಡಬೇಕು.

ಶ್ರವಣತಜ್ಞೆ
ಇಳಿಜಾರು ಅವರೇ, ಉದ್ದದ ಚರ್ಚೆಗೆ ಹೋಗುವ ಮೊದಲು ಏನು ಎಲ್ಲಿದೆ ಎಂಬುದನ್ನು ನೋಡೋಣ. ಒಳಗಿವಿಯ ಶ್ರವಣಾಂಗವಾದ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು ಸುರುಳಿ ಸುತ್ತಿಕೊಂಡಿದೆ, ಬಿಡಿಸಿ ಚಾಚಿದರೆ ಸುಮಾರು 30ರಿಂದ 35 ಮಿಲಿಮೀಟರ್. ಅದರ ಬುಡದಲ್ಲಿರುವ, ಶಬ್ದದ ಕಂಪನವನ್ನು ಗ್ರಹಿಸುವ ರೋಮಕೋಶಗಳು ಹೆಚ್ಚಿನ ಆವೃತ್ತಿಗೂ ಸುರುಳಿಯ ತುದಿಯಲ್ಲಿರುವವು ತಗ್ಗಿನ ಆವೃತ್ತಿಗೂ ಸ್ಪಂದಿಸುತ್ತವೆ. ಶಬ್ದದ ಅಲೆ ಈ ಸುರುಳಿಯಲ್ಲಿ ಹೇಗೆ ಸಾಗುತ್ತದೆ ಎಂಬುದನ್ನು ತೋರಿಸಿದ ಗಿಯೋರ್ಗ್ ಫಾನ್ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಬಂದಿತು. ನಿಮ್ಮ ಕಿವಿಯಲ್ಲಿ ಕೆಟ್ಟಿರುವುದು ಬುಡ, ಉಳಿದಿರುವುದು ತುದಿ. ಎಲೆಕ್ಟ್ರೋಡ್ ಒಳಗೆ ಹೋಗುವ ದಾರಿಯೂ ಬುಡದಲ್ಲಿಯೇ ಇದೆ. ಕೆಟ್ಟ ಭಾಗದಲ್ಲಿ ವಿದ್ಯುತ್ತು, ಚೆನ್ನಾಗಿರುವ ಭಾಗದಲ್ಲಿ ಶಬ್ದ ಎಂದು ಕೆಲಸ ಹಂಚಬಹುದೆಂಬ ಆಲೋಚನೆ ಹುಟ್ಟಿದ್ದೇ ಈ ರಚನೆಯಿಂದ. ಫ್ರಾಂಕ್‌ಫರ್ಟ್‌ನ ಕ್ರಿಸ್ಟೋಫ್ ಫಾನ್ ಇಲ್‌ಬರ್ಗ್ ಮತ್ತು ಅವರ ಸಂಗಡಿಗರು 1999ರಲ್ಲಿ ಇದನ್ನು ಪ್ರಕಟಿಸಿದರು, ಇದಕ್ಕೆ ಎಲೆಕ್ಟ್ರೋ-ಅಕೌಸ್ಟಿಕ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಇಎಎಸ್ ಎನ್ನುತ್ತಾರೆ. ನಿಮ್ಮ ಅಂಕಿಗಳನ್ನು ನೋಡಿದರೆ ನೀವು ಅದಕ್ಕೆ ಒಪ್ಪುವ ರೋಗಿಯೇ.

ಷಡ್ಜ
ನಾನು ಪಿಟೀಲು ನುಡಿಸುವವನು, ಆದ್ದರಿಂದ ನನ್ನ ಮತ ಚಿಕ್ಕದರ ಕಡೆಗೆ. ಇಂಪ್ಲಾಂಟ್‌ನಲ್ಲಿ ಇರುವುದು ತಯಾರಕರನ್ನು ಅನುಸರಿಸಿ 12, 16 ಅಥವಾ 22 ವಿದ್ಯುತ್ ಬಿಂದುಗಳು, ಆರೋಗ್ಯವಂತ ಕಿವಿಯಲ್ಲಿ ಒಳಸಾಲಿನ ರೋಮಕೋಶಗಳೇ ಸುಮಾರು 3500. ಶ್ರುತಿಯ ಸೂಕ್ಷ್ಮ ಆ ಕೆಲವೇ ಬಿಂದುಗಳಿಂದ ಬರುವುದಿಲ್ಲ. ಗಂಡಸರ ದನಿಯ ಮೂಲ ಆವೃತ್ತಿ ಸುಮಾರು 120 ಹರ್ಟ್ಸ್, ಹೆಂಗಸರದು ಸುಮಾರು 200. ಇವೆರಡೂ ನಿಮಗೆ ಉಳಿದಿರುವ ಪ್ರದೇಶದಲ್ಲಿಯೇ ಇವೆ. ಗದ್ದಲದ ನಡುವೆ ಒಬ್ಬರ ದನಿಯನ್ನು ಮತ್ತೊಬ್ಬರ ದನಿಯಿಂದ ಬೇರ್ಪಡಿಸಿ ಹಿಡಿಯಲು ಮಿದುಳು ಬಳಸುವುದು ಈ ಮೂಲ ಸ್ವರವನ್ನೇ. ಅದನ್ನು ಕಳೆದುಕೊಂಡು ಬರಿಯ ವ್ಯಂಜನಗಳನ್ನು ಪಡೆದು ಏನು ಮಾಡುವುದು?

ಇಪ್ಪತ್ತೆರಡು ಬಿಂದು
ಷಡ್ಜ ಅವರೇ, ನೀವು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಆದರೆ ಅರ್ಧವನ್ನು ಬಿಟ್ಟಿದ್ದೀರಿ. ಶ್ರವಣ ಉಳಿದರೆ ಚಿಕ್ಕ ಎಲೆಕ್ಟ್ರೋಡ್ ಸೊಗಸು. ಉಳಿಯದಿದ್ದರೆ? ಆಗ ಸುರುಳಿಯ ಒಳಭಾಗಕ್ಕೆ ಶಬ್ದವೂ ತಲುಪುವುದಿಲ್ಲ, ವಿದ್ಯುತ್ತೂ ತಲುಪುವುದಿಲ್ಲ. ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ 2014ರ ಮಾರ್ಚ್‌ನಲ್ಲಿ ಹೈಬ್ರಿಡ್ ಎಲ್24 ಎಂಬ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು, ಅದರ ಎಲೆಕ್ಟ್ರೋಡ್‌ನ ಉದ್ದ 16 ಮಿಲಿಮೀಟರ್. ಆ ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ 50 ಜನರಿದ್ದರು. ಅವರಲ್ಲಿ 22 ಮಂದಿಗೆ ತಗ್ಗಿನ ಆವೃತ್ತಿಗಳಲ್ಲಿ ತೀವ್ರ ಅಥವಾ ಅತಿತೀವ್ರ ಶ್ರವಣನಷ್ಟವಾಯಿತು, ಆ 22ರಲ್ಲಿ 6 ಮಂದಿ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸಾಮಾನ್ಯ ಇಂಪ್ಲಾಂಟ್ ಹಾಕಿಸಿಕೊಂಡರು. ಇದು ತೀರಾ ಚಿಕ್ಕ ಎಲೆಕ್ಟ್ರೋಡ್‌ನ ಕಥೆ. ಆರು ಮಂದಿ ಎರಡನೆಯ ಬಾರಿ ಅದೇ ಕಿವಿಯನ್ನು ತೆರೆಸಬೇಕಾಯಿತು ಎಂಬುದನ್ನು ನಾವು ಹಗುರವಾಗಿ ಕಾಣಬಾರದು.

ಷಡ್ಜ
ಉಳಿದ 28 ಮಂದಿಯನ್ನೂ ಹಗುರವಾಗಿ ಕಾಣಬಾರದಲ್ಲವೆ? ಆ ಅಧ್ಯಯನದಲ್ಲಿ ಬಹುಪಾಲು ಜನರಿಗೆ ಮಾತಿನ ಗ್ರಹಿಕೆ ಸುಧಾರಿಸಿದ್ದರಿಂದಲೇ ಒಪ್ಪಿಗೆ ಸಿಕ್ಕಿತು.

ಇಪ್ಪತ್ತೆರಡು ಬಿಂದು
ಖಂಡಿತ. ನನ್ನ ತಕರಾರು ಸಾಧನದ ಮೇಲಲ್ಲ. ಸೋತರೆ ಕೈಯಲ್ಲಿ ಏನು ಉಳಿಯುತ್ತದೆ ಎಂದು ಕೇಳದೆಯೇ ಗೆಲುವನ್ನು ಮಾತ್ರ ಲೆಕ್ಕಹಾಕುವ ಕ್ರಮದ ಮೇಲೆ.

ಕಿವಿಯ ಸರ್ಜನ್
ಈ ಶಸ್ತ್ರಚಿಕಿತ್ಸೆಯನ್ನು ಬಹಳ ವರ್ಷಗಳಿಂದ ಮಾಡುತ್ತಿರುವವನಾಗಿ ಒಂದು ತಿದ್ದುಪಡಿ. ಮೇಲಿನ ಚರ್ಚೆಯೆಲ್ಲ ಮಿಲಿಮೀಟರ್‌ಗಳ ಸುತ್ತ ತಿರುಗುತ್ತಿದೆ. ಉದ್ದ ಮುಖ್ಯವೇ, ಆದರೆ ಅದು ಒಳಗೆ ಹೇಗೆ ಹೋಯಿತು ಎಂಬುದೂ ಅಷ್ಟೇ ಮುಖ್ಯ.

ಜರ್ಮನಿಯ ಅರ್ನ್ಸ್ಟ್ ಲೇನ್‌ಹಾರ್ಟ್ 1993ರಲ್ಲಿ ‘ಸಾಫ್ಟ್ ಸರ್ಜರಿ’ ಎಂಬ ಹೆಸರಿನಲ್ಲಿ ಮುಂದಿಟ್ಟ ಕ್ರಮವನ್ನೇ ನಾವು ಇಂದಿಗೂ ತಿದ್ದಿ ಬೆಳೆಸುತ್ತಿದ್ದೇವೆ. ಕಾಕ್ಲಿಯಾದೊಳಗೆ ಒಂದರ ಮೇಲೊಂದು ಮೂರು ಕೊಳವೆಗಳಿವೆ. ಎಲೆಕ್ಟ್ರೋಡ್ ಇರಬೇಕಾದದ್ದು ಎಲ್ಲಕ್ಕಿಂತ ಕೆಳಗಿನ ಸ್ಕಾಲಾ ಟಿಂಪನಿಯಲ್ಲಿ. ಅದರ ಚಾವಣಿಯಾಗಿರುವುದೇ ಬ್ಯಾಸಿಲರ್ ಪೊರೆ, ಅದರ ಮೇಲೆಯೇ ರೋಮಕೋಶಗಳು ಕುಳಿತಿವೆ. ಎಲೆಕ್ಟ್ರೋಡ್‌ನ ತುದಿ ಆ ಪೊರೆಯನ್ನು ಹರಿದು ಮೇಲಿನ ಕೊಳವೆಗೆ ನುಗ್ಗಿದರೆ ಅಲ್ಲಿಯ ಶ್ರವಣ ಬಹುಮಟ್ಟಿಗೆ ಮುಗಿದಂತೆಯೇ. ಆದ್ದರಿಂದ ಒಳಹೋಗುವ ಕೋನ ಸರಿಯಿರಬೇಕು, ತಡೆ ಸಿಕ್ಕರೆ ಒತ್ತಬಾರದು. ಸಾಧ್ಯವಾದಲ್ಲೆಲ್ಲ ನಾನು ಪ್ರಕೃತಿಯೇ ಇಟ್ಟಿರುವ ರೌಂಡ್ ವಿಂಡೋ, ಅಂದರೆ ದುಂಡು ಕಿಟಕಿಯ ಪೊರೆಯನ್ನು ಬಿಡಿಸಿ ಅಲ್ಲಿಂದಲೇ ಹೋಗುತ್ತೇನೆ, ಮೂಳೆಯನ್ನು ಕೊರೆದು ಬೇರೆ ರಂಧ್ರ ಮಾಡುವ ಅಗತ್ಯ ಕೆಲವರಲ್ಲಿ ಮಾತ್ರ ಬೀಳುತ್ತದೆ. ಕೊರೆಯುವ ಡ್ರಿಲ್ ಒಳಗಿನ ತೆಳುಪದರವನ್ನು ಮುಟ್ಟಿದರೆ ಕಿವಿಯೊಳಗೆ 130 ಡೆಸಿಬೆಲ್‌ಗೂ ಮೀರಿದ ಶಬ್ದ ಉಂಟಾಗಬಹುದು. ತಿರುಗುವ ಡ್ರಿಲ್ ಕಿವಿಯ ಕಿರುಮೂಳೆಗಳಿಗೆ ತಾಗಿದರೂ ಅಪಾಯವೇ. ಕಿಟಕಿ ತೆರೆಯುವ ಮೊದಲೇ ರಕ್ತ ನಿಲ್ಲಿಸಿ ಮೂಳೆಯ ಪುಡಿಯನ್ನೆಲ್ಲ ತೊಳೆದಿರಬೇಕು, ತೆರೆದ ಮೇಲೆ ಒಳಗಿನ ದ್ರವವನ್ನು ಸಕ್ಷನ್‌ನಿಂದ ಹೀರಬಾರದು. ಎಷ್ಟೋ ಸಲ ಇಡೀ ಶಸ್ತ್ರಚಿಕಿತ್ಸೆಯಲ್ಲಿ ಅತ್ಯಂತ ಕಷ್ಟದ ಕೆಲಸವೆಂದರೆ ಎಲೆಕ್ಟ್ರೋಡನ್ನು ಕೆಲವು ನಿಮಿಷಗಳ ಕಾಲ ನಿಧಾನವಾಗಿ, ಕೈ ನಡುಗದಂತೆ, ನಿಲ್ಲಿಸಿ ನಿಲ್ಲಿಸಿ ಒಳಗೆ ಸಾಗಿಸುವುದು. ಬೇಗ ತಳ್ಳಿದರೆ ದ್ರವದ ಒತ್ತಡ ಏರುತ್ತದೆ, ಆ ಒತ್ತಡವೇ ರೋಮಕೋಶಗಳಿಗೆ ಪೆಟ್ಟು.

ಹಾಗೆಂದು ಉದ್ದ ಅಮುಖ್ಯವೆಂದು ಅರ್ಥಮಾಡಿಕೊಳ್ಳಬೇಡಿ. ಹೊರಗೋಡೆಗೆ ಒರಗಿ ಸಾಗುವ ತೆಳುವಾದ, ಬಾಗುವ, ನೇರ ಎಲೆಕ್ಟ್ರೋಡ್ ಒಳ್ಳೆಯ ಕೈಯಲ್ಲಿ 24 ಅಥವಾ 28 ಮಿಲಿಮೀಟರ್ ಉದ್ದವಿದ್ದರೂ ಶ್ರವಣವನ್ನು ಉಳಿಸಬಲ್ಲದು, ಚಿಕ್ಕದು ಒರಟು ಕೈಯಲ್ಲಿ ಎಲ್ಲವನ್ನೂ ಕೆಡಿಸಬಲ್ಲದು.

ಮೂರನೆಯ ತಿಂಗಳು
ಸರ್, ಹಾಗಾದರೆ ನನ್ನದು ಹೋದದ್ದು ಸರ್ಜನ್ ತಪ್ಪಿನಿಂದಲೇ?

ಕಿವಿಯ ಸರ್ಜನ್
ಹಾಗೆ ಹೇಳಲಾಗದು, ಹೇಳಿದರೆ ಅನ್ಯಾಯವಾಗುತ್ತದೆ. ನಿಮ್ಮ ಶ್ರವಣ ಮೊದಲ ತಿಂಗಳಲ್ಲಿ ಉಳಿದಿತ್ತು ಎಂದಿದ್ದೀರಿ. ಪೊರೆ ಹರಿದಿದ್ದರೆ ಸಾಮಾನ್ಯವಾಗಿ ಆಗಲೇ ಹೋಗಿರುತ್ತಿತ್ತು. ತಡವಾಗಿ ಬರುವ ನಷ್ಟದ ಹಾದಿಯೇ ಬೇರೆ. ದೇಹ ಎಲೆಕ್ಟ್ರೋಡನ್ನು ಪರಕೀಯ ವಸ್ತುವೆಂದು ಗುರುತಿಸಿ ಅದರ ಸುತ್ತ ನಾರಿನ ಅಂಗಾಂಶವನ್ನು, ಕೆಲವೊಮ್ಮೆ ಹೊಸ ಮೂಳೆಯನ್ನು ಬೆಳೆಸುತ್ತದೆ. ಇದರಿಂದ ಬ್ಯಾಸಿಲರ್ ಪೊರೆಯ ಕಂಪನ ಬಿಗಿಯಾಗುತ್ತದೆ. ಒಳದ್ರವದ ಒತ್ತಡದಲ್ಲಿ ಏರುಪೇರಾಗಬಹುದು. ಇದಲ್ಲದೆ ಶ್ರವಣನಷ್ಟಕ್ಕೆ ಮೂಲವಾದ ಕಾಯಿಲೆ ತನ್ನ ಪಾಡಿಗೆ ಮುಂದುವರಿಯುತ್ತಲೇ ಇರುತ್ತದೆ, ಇಂಪ್ಲಾಂಟ್ ಹಾಕದ ಕಿವಿಯಲ್ಲೂ ಅದು ಕುಗ್ಗಬಹುದಾಗಿತ್ತು. ಉರಿಯೂತವನ್ನು ತಗ್ಗಿಸಲೆಂದೇ ಸ್ಟಿರಾಯ್ಡ್ ಕೊಡುತ್ತೇವೆ. ಎಲೆಕ್ಟ್ರೋಡ್‌ನ ಸಿಲಿಕೋನ್‌ನಿಂದಲೇ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ನಿಧಾನವಾಗಿ ಒಸರುವಂತೆ ಮಾಡುವ ಪ್ರಯತ್ನಗಳೂ ನಡೆದಿವೆ. ನೀವು ಯಾರ ತಪ್ಪೆಂದು ಹುಡುಕುತ್ತ ನೋಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಮೂರನೆಯ ತಿಂಗಳು
ಧನ್ಯವಾದ ಸರ್. ಇಷ್ಟು ವಿವರವಾಗಿ ಈವರೆಗೆ ಯಾರೂ ಹೇಳಿರಲಿಲ್ಲ.

ಸಕ್ಕರೆ ಕಾಯಿಲೆ
ಸ್ಟಿರಾಯ್ಡ್ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಮಧುಮೇಹ ಇರುವವರು ಅದನ್ನು ಮೊದಲೇ ತಿಳಿಸಬೇಕು. ಮಾತ್ರೆ ನಡೆಯುವ ದಿನಗಳಲ್ಲಿ ನನ್ನ ಸಕ್ಕರೆಯ ಅಂಶ ವಿಪರೀತ ಏರಿತ್ತು, ಇನ್ಸುಲಿನ್ ಪ್ರಮಾಣವನ್ನು ಬದಲಿಸಬೇಕಾಯಿತು.

ಪುಟ್ಟಿಯ ಅಮ್ಮ
ನನ್ನ ಮಗಳಿಗೆ ಆರು ವರ್ಷ. ಅವಳಿಗೂ 250 ಹರ್ಟ್ಸ್‌ನಲ್ಲಿ ಸ್ವಲ್ಪ ಕೇಳಿಸುತ್ತದೆ, ಮೇಲೆ ಏನೂ ಇಲ್ಲ. ‘ಅಷ್ಟು ಸ್ವಲ್ಪವನ್ನು ಉಳಿಸಿ ಏನು ಪ್ರಯೋಜನ, ಹೇಗೂ ಇಂಪ್ಲಾಂಟ್‌ನಲ್ಲಿಯೇ ಕೇಳುತ್ತಾಳೆ’ ಎಂದು ಒಬ್ಬ ವೈದ್ಯರು ಹೇಳಿದರು. ಅದು ಸರಿಯೇ? ಮಕ್ಕಳ ವಿಷಯದಲ್ಲಿ ಈ ಚರ್ಚೆಗೆ ಅರ್ಥವಿದೆಯೇ?

ಶ್ರವಣತಜ್ಞೆ
ಅಮ್ಮ, ಮಕ್ಕಳ ವಿಷಯದಲ್ಲಿ ಅರ್ಥ ಇನ್ನೂ ಹೆಚ್ಚು ಎನ್ನುತ್ತೇನೆ. ಆರು ವರ್ಷದ ಮಗು ಆ ಕಾಕ್ಲಿಯಾದೊಂದಿಗೆ ಎಪ್ಪತ್ತು ಎಂಬತ್ತು ವರ್ಷ ಬಾಳಬೇಕು. ಒಳಗಿನ ಸಾಧನ ಕೆಟ್ಟು ಬದಲಾಯಿಸಬೇಕಾದ ಸಂದರ್ಭ ಆಯುಷ್ಯದಲ್ಲಿ ಒಂದೆರಡು ಸಲ ಬರಬಹುದು, ಆಗ ಒಳಗೆ ಗಾಯದ ಕಲೆಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಇಂಪ್ಲಾಂಟ್ ಕೆಲಸ ಮಾಡುವುದು ಶ್ರವಣನರದ ಜೀವಕೋಶಗಳನ್ನು ಪ್ರಚೋದಿಸಿ, ಆದ್ದರಿಂದ ಆ ಜೀವಕೋಶಗಳು ಉಳಿಯುವಂತಹ ಶಸ್ತ್ರಚಿಕಿತ್ಸೆ ಆಡಿಯೋಗ್ರಾಮ್‌ನಲ್ಲಿ ಏನೂ ಉಳಿಯದ ಮಗುವಿಗೂ ಬೇಕು. ಸಮತೋಲನದ ಅಂಗವೂ ಅದೇ ದ್ರವದ ನೆರೆಯಲ್ಲಿದೆ. ಮೃದುವಾಗಿ ಮಾಡಿದರೆ ಅದಕ್ಕೂ ಪೆಟ್ಟು ಕಡಿಮೆ, ನಡೆದಾಡಿ ಓಡಾಡುವ ಮಗುವಿಗೆ ಅದು ಸಣ್ಣ ಸಂಗತಿಯಲ್ಲ. ‘ಹೇಗೂ ಹೋಗುತ್ತದೆ’ ಎಂಬ ಭಾವದಿಂದ ಕಿವಿಯನ್ನು ತೆರೆಯುವವರ ಬಳಿಗೆ ನನ್ನ ಮಗುವನ್ನು ನಾನು ಕಳುಹಿಸುವುದಿಲ್ಲ.

ಪುಟ್ಟಿಯ ಅಮ್ಮ
ಮೇಡಂ, ಈ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳುತ್ತೇನೆ.

ಇಪ್ಪತ್ತೆರಡು ಬಿಂದು
ಒಂದು ಪ್ರಶ್ನೆ ಬಾಕಿಯಿದೆ. ‘ಉಳಿದಿದೆ’ ಎಂದು ಯಾವಾಗ ಹೇಳಬೇಕು? ಇಲ್ಲಿ ಒಬ್ಬರು 15 ಡೆಸಿಬೆಲ್ ಕಳೆದುಕೊಂಡು ಉಳಿದಿದೆ ಎನ್ನುತ್ತಾರೆ, ಬೇರೆ ಕಡೆ 30 ಕಳೆದುಕೊಂಡವರೂ ಹಾಗೆಯೇ ಬರೆಯುತ್ತಾರೆ. ಆಸ್ಪತ್ರೆಗಳು ತಮ್ಮ ಸಾಧನೆಯನ್ನು ಹೇಳುವಾಗ ಯಾವ ಅಳತೆಗೋಲನ್ನು ಬಳಸುತ್ತಿವೆ ಎಂದು ಯಾರೂ ಕೇಳುವುದಿಲ್ಲ.

ಶ್ರವಣತಜ್ಞೆ
ಅಳತೆಗೋಲು ಇದೆ. 2013ರಲ್ಲಿ ಪ್ರಕಟವಾದ ಒಂದು ಸೂತ್ರವನ್ನು ಬಹಳ ಜನ ಬಳಸುತ್ತಾರೆ. ಅದನ್ನು ಸಿದ್ಧಪಡಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ವಾರ್ಸಾದ ಹೆನ್ರಿಕ್ ಸ್ಕಾರ್ಜಿನ್‌ಸ್ಕಿ. ಶಸ್ತ್ರಚಿಕಿತ್ಸೆಗೆ ಮೊದಲು ಎಷ್ಟು ಶ್ರವಣವಿತ್ತೋ, ಅಂದರೆ ಕಳೆದುಕೊಳ್ಳಲು ಎಷ್ಟಿತ್ತೋ, ಅದರಲ್ಲಿ ಶೇಕಡಾ ಎಷ್ಟು ಉಳಿಯಿತು ಎಂದು ಅದು ಲೆಕ್ಕಹಾಕುತ್ತದೆ. 75ಕ್ಕಿಂತ ಹೆಚ್ಚು ಉಳಿದರೆ ಸಂಪೂರ್ಣ, 25ರಿಂದ 75ರವರೆಗೆ ಭಾಗಶಃ, ಅದಕ್ಕಿಂತ ಕಡಿಮೆಯಾದರೆ ಅತ್ಯಲ್ಪ. 110 ಡೆಸಿಬೆಲ್‌ನಲ್ಲಿ ಮಾತ್ರ ಕೇಳುತ್ತಿದ್ದವರು 10 ಕಳೆದುಕೊಳ್ಳುವುದೂ 40ರಲ್ಲಿ ಕೇಳುತ್ತಿದ್ದವರು 10 ಕಳೆದುಕೊಳ್ಳುವುದೂ ಒಂದೇ ಅಲ್ಲ ಎಂಬ ನ್ಯಾಯ ಈ ಸೂತ್ರದಲ್ಲಿದೆ.

ಆದರೆ ನನ್ನ ಕೊಠಡಿಯಲ್ಲಿ ನಾನು ಕೇಳುವ ಪ್ರಶ್ನೆ ಬೇರೆ. ಉಳಿದದ್ದು ಬಳಕೆಗೆ ಬರುತ್ತದೆಯೇ? ಸಾಮಾನ್ಯವಾಗಿ ತಗ್ಗಿನ ಆವೃತ್ತಿಗಳಲ್ಲಿ 80 ಅಥವಾ 85 ಡೆಸಿಬೆಲ್‌ಗಿಂತ ಚೆನ್ನಾಗಿದ್ದರೆ ಮಾತ್ರ ಅದನ್ನು ಶ್ರವಣಸಾಧನದಿಂದ ಹಿಗ್ಗಿಸಿ ಇಂಪ್ಲಾಂಟ್‌ನೊಂದಿಗೆ ಸೇರಿಸಲು ಬರುತ್ತದೆ. ಪರೀಕ್ಷೆಯಲ್ಲಿ ಇನ್ನೊಂದು ಮೋಸವೂ ಇದೆ. 125 ಅಥವಾ 250 ಹರ್ಟ್ಸ್‌ನ ಶಬ್ದವನ್ನು ತುಂಬಾ ಜೋರಾಗಿ ಹೊರಡಿಸಿದಾಗ ಕೆಲವರು ಅದನ್ನು ಕೇಳುವುದಿಲ್ಲ, ಚರ್ಮದ ಕಂಪನವಾಗಿ ಅನುಭವಿಸಿ ಕೈ ಎತ್ತುತ್ತಾರೆ. ಹಾಳೆಯ ಮೇಲೆ ಗುರುತು ಬೀಳುತ್ತದೆ, ಆದರೆ ಅದು ಶ್ರವಣವಲ್ಲ. ‘ದನಿ ಕೇಳಿತೋ, ಅದುರಿದಂತಾಯಿತೋ’ ಎಂದು ಕೇಳುವುದನ್ನು ನಾನು ಎಂದೂ ಬಿಡುವುದಿಲ್ಲ. ಪುಟ್ಟಿಯ ಅಮ್ಮ, ನಿಮ್ಮ ಮಗುವಿನ 250 ಹರ್ಟ್ಸ್ ಯಾವ ಬಗೆಯದೆಂದು ದಯವಿಟ್ಟು ಕೇಳಿ ತಿಳಿದುಕೊಳ್ಳಿ.

ಹಳೆಯ ಸದಸ್ಯ
ಹಿಂದೆ ಹೀಗಿರಲಿಲ್ಲ. ಏನಾದರೂ ಕೇಳಿಸುತ್ತಿದ್ದರೆ ಇಂಪ್ಲಾಂಟ್ ಕೊಡುತ್ತಲೇ ಇರಲಿಲ್ಲ. ಅಮೆರಿಕದ ಕಿವಿಯ ವೈದ್ಯ ವಿಲಿಯಂ ಹೌಸ್ ಅವರ ಒಂದೇ ಚಾನೆಲ್‌ನ ಸಾಧನಕ್ಕೆ 1984ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಾಗ ಅದು ಪೂರ್ಣ ಕಿವುಡಾದ ವಯಸ್ಕರಿಗೆ ಮಾತ್ರ ಮೀಸಲಾಗಿತ್ತು. ಒಳಗೆ ಹೋದ ತಂತಿ ಉಳಿದ ಶ್ರವಣವನ್ನು ಕೊಲ್ಲುತ್ತದೆ ಎಂಬುದು ಆ ಕಾಲದ ಸಾಮಾನ್ಯ ತಿಳಿವಳಿಕೆ. ನನ್ನ ಎಡಗಿವಿಯಲ್ಲಿ ಸ್ವಲ್ಪ ಉಳಿದಿತ್ತು, ಅದನ್ನು ಬಿಟ್ಟುಬಿಡಿ ಎಂದರು, ಬಿಟ್ಟೆ. ಯಾರೂ ಅದನ್ನು ಕಾಪಾಡಬಹುದೆಂದು ಹೇಳಲಿಲ್ಲ, ಆಗ ಹೇಳುವ ಸ್ಥಿತಿಯಲ್ಲೂ ಅವರು ಇರಲಿಲ್ಲ. ಇಂದು ನೀವೆಲ್ಲ ಯಾವ ಆವೃತ್ತಿಯಲ್ಲಿ ಎಷ್ಟು ಡೆಸಿಬೆಲ್ ಎಂದು ವಾದಿಸುತ್ತಿರುವುದನ್ನು ಓದಿ ನನಗೆ ನಿಜವಾಗಿಯೂ ಸಂತೋಷವಾಗುತ್ತಿದೆ.

ಎರಡು ದನಿ
ನನ್ನ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಕಿವಿಯೊಳಗೆ ಶಬ್ದ ಹಾಕಿ ಪರದೆಯ ಮೇಲೆ ನೋಡುತ್ತಿದ್ದರಂತೆ. ಅದರ ಬಗ್ಗೆ ಯಾರೂ ಬರೆಯಲಿಲ್ಲ.

ಕಿವಿಯ ಸರ್ಜನ್
ಅದು ಎಲೆಕ್ಟ್ರೋಕಾಕ್ಲಿಯೋಗ್ರಫಿ. ಅರಿವಳಿಕೆಯಲ್ಲಿರುವ ರೋಗಿಯ ಕಿವಿಗೆ ಚಿಕ್ಕ ಇಯರ್‌ಫೋನ್ ಇಟ್ಟು ತಗ್ಗಿನ ಆವೃತ್ತಿಯ, ಹೆಚ್ಚಾಗಿ 500 ಹರ್ಟ್ಸ್‌ನ ಶಬ್ದವನ್ನು ಹಾಕುತ್ತೇವೆ. ರೋಮಕೋಶಗಳು ಹೊರಡಿಸುವ ಸೂಕ್ಷ್ಮ ವಿದ್ಯುತ್ ಪ್ರತಿಕ್ರಿಯೆಯನ್ನು ಒಳಹೋಗುತ್ತಿರುವ ಎಲೆಕ್ಟ್ರೋಡ್‌ನ ತುದಿಯ ಬಿಂದುವೇ ಹಿಡಿದು ಕಳುಹಿಸುತ್ತದೆ. ತುದಿ ಆರೋಗ್ಯವಂತ ಪ್ರದೇಶವನ್ನು ಸಮೀಪಿಸಿದಂತೆ ಆ ಸಂಕೇತ ದೊಡ್ಡದಾಗುತ್ತದೆ. ಇದ್ದಕ್ಕಿದ್ದಂತೆ ಕುಸಿದರೆ ಏನನ್ನೋ ಒತ್ತಿದ್ದೇವೆಂಬ ಸೂಚನೆ. ಆಗ ನಿಲ್ಲಿಸಿ, ಕೂದಲೆಳೆಯಷ್ಟು ಹಿಂದೆ ಎಳೆದು, ಸಂಕೇತ ಮರಳುತ್ತದೆಯೇ ಎಂದು ಕಾಯುತ್ತೇವೆ. ಕೈಯಲ್ಲಿ ಏನೂ ತಿಳಿಯದಷ್ಟು ಕಡಿಮೆ ಬಲದಲ್ಲಿಯೇ ಹಾನಿಯಾಗಬಹುದಾದ್ದರಿಂದ ಈ ಕಿವಿಮಾತು ನಮಗೆ ಬಹಳ ಬೆಲೆಯುಳ್ಳದ್ದು.

ಇಪ್ಪತ್ತೆರಡು ಬಿಂದು
ಆದರೆ ತುದಿಯು ಸಂಕೇತ ಹುಟ್ಟುವ ಜಾಗವನ್ನು ದಾಟಿ ಮುಂದೆ ಹೋದರೂ ಸಂಕೇತ ಕುಸಿಯುತ್ತದೆಯಲ್ಲವೆ? ಆಗ ಯಾವ ಹಾನಿಯೂ ಆಗಿರುವುದಿಲ್ಲ. ಸುಮ್ಮನೆ ನಿಲ್ಲಿಸಿಬಿಟ್ಟರೆ ಎಲೆಕ್ಟ್ರೋಡ್ ಅರ್ಧಕ್ಕೇ ಉಳಿದುಬಿಡುತ್ತದೆ.

ಕಿವಿಯ ಸರ್ಜನ್
ಸರಿಯಾಗಿ ಹಿಡಿದಿರಿ. ಆದ್ದರಿಂದಲೇ ಪರದೆಯನ್ನು ನೋಡಿ ಕಣ್ಣುಮುಚ್ಚಿ ಪಾಲಿಸುವಂತಿಲ್ಲ. ಸಂಕೇತದ ಎತ್ತರದ ಜೊತೆಗೆ ಅದರ ಹಂತ, ಅಂದರೆ ಫೇಸ್, ಬದಲಾಯಿತೇ ಎಂಬುದನ್ನೂ ಎಲೆಕ್ಟ್ರೋಡ್ ಎಷ್ಟು ಒಳಗಿದೆ ಎಂಬುದನ್ನೂ ಸೇರಿಸಿ ನಿರ್ಧರಿಸಬೇಕು. ಕೈ ನಡುಕವಿಲ್ಲದೆ ಸಮವೇಗದಲ್ಲಿ ನೂಕುವ ಯಂತ್ರಗಳೂ ಈಗ ಬಂದಿವೆ, 2021ರಲ್ಲಿ ಅಂತಹ ಒಂದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಯಂತ್ರವು ವೇಗವನ್ನು ಸರಿಪಡಿಸುತ್ತದೆ, ಕೋನವನ್ನು ಆರಿಸಬೇಕಾದವನು ಸರ್ಜನ್ನನೇ.

ಇಳಿಜಾರು
ಇಷ್ಟು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಸರ್ಜನ್ ಸರ್ ಅವರಲ್ಲಿ ನೇರ ಪ್ರಶ್ನೆ: ನನ್ನ ಜಾಗದಲ್ಲಿ ನೀವಿದ್ದರೆ ಯಾವ ಉದ್ದವನ್ನು ಆರಿಸುತ್ತಿದ್ದಿರಿ?

ಕಿವಿಯ ಸರ್ಜನ್
ನಿಮ್ಮ ಸ್ಕ್ಯಾನ್ ನೋಡದೆ ಅಂಕಿ ಹೇಳಿದರೆ ತಪ್ಪಾಗುತ್ತದೆ. ಎಲ್ಲರ ಕಾಕ್ಲಿಯಾವೂ ಒಂದೇ ಅಳತೆಯದಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ದುಂಡು ಕಿಟಕಿಯಿಂದ ಎದುರಿನ ಹೊರಗೋಡೆಯವರೆಗಿನ ಅಗಲವನ್ನು ಅಳೆದು ಕೊಳವೆಯ ಒಟ್ಟು ಉದ್ದವನ್ನು ಅಂದಾಜು ಮಾಡಬಹುದು. ಒಬ್ಬರ ಕಿವಿಯಲ್ಲಿ 24 ಮಿಲಿಮೀಟರ್ ತಲುಪುವ ಸುತ್ತು, ಇನ್ನೊಬ್ಬರಲ್ಲಿ ಅದೇ ಉದ್ದ ತಲುಪುವ ಸುತ್ತು ಬೇರೆಯಾಗಿರುತ್ತದೆ.

ಆದರೂ ನಾನು ಹೇಗೆ ಯೋಚಿಸುತ್ತೇನೆ ಎಂಬುದನ್ನು ಹೇಳಬಲ್ಲೆ. ಶ್ರವಣ ಉಳಿಯುತ್ತದೆ ಎಂದುಕೊಂಡು ಕೈಯನ್ನು ನಡೆಸುತ್ತೇನೆ, ಹೋಗುತ್ತದೆ ಎಂದುಕೊಂಡು ಎಲೆಕ್ಟ್ರೋಡನ್ನು ಆರಿಸುತ್ತೇನೆ. ಹತ್ತು ವರ್ಷದ ಮೇಲೆ ಆ ತಗ್ಗುದನಿ ಇಲ್ಲವಾದರೂ ಕೇವಲ ವಿದ್ಯುತ್ತಿನಿಂದ ಮಾತು ಅರ್ಥವಾಗುವಷ್ಟು ಉದ್ದ ಅದಕ್ಕಿರಬೇಕು. ನಿಮ್ಮಂಥವರಿಗೆ ಹದಿನಾರು ಮಿಲಿಮೀಟರ್‌ಗೆ ನಾನು ಹೋಗುವುದಿಲ್ಲ, ಮೂವತ್ತೊಂದಕ್ಕೂ ಹೋಗುವುದಿಲ್ಲ, ನಡುವಿನ ಉದ್ದದ ಮೃದುವಾದ ನೇರ ಎಲೆಕ್ಟ್ರೋಡ್ ನನ್ನ ಒಲವು. ಬೇರೆ ಅನುಭವಿಗಳು ಇದನ್ನು ಒಪ್ಪದಿರಬಹುದು. ಉದ್ದನೆಯದನ್ನು ಭಾಗಶಃ ಮಾತ್ರ ಒಳಗೆ ಕಳುಹಿಸಿ ನಿಲ್ಲಿಸುವವರೂ ಇದ್ದಾರೆ.

ಷಡ್ಜ
ಸರ್ ಅವರ ಮಾತಿನ ಮೇಲೆ ನನ್ನ ಮತವನ್ನು ಸ್ವಲ್ಪ ಬದಲಿಸುತ್ತೇನೆ. 24 ಮಿಲಿಮೀಟರ್‌ನಲ್ಲೂ ಎರಡು ದನಿ ಅವರಂತೆ ಉಳಿಯುವುದಾದರೆ ಹದಿನಾರಕ್ಕೆ ಹಟ ಹಿಡಿಯುವ ಕಾರಣ ನನಗಿಲ್ಲ. ಆದರೆ ಇಳಿಜಾರು ಅವರೇ, ಎಡಗಿವಿಯನ್ನು ಮರೆಯಬೇಡಿ. ಅದರಲ್ಲಿಯೂ ನಿಮಗೆ ತಗ್ಗುದನಿ ಇದೆ. ಬಲಗಿವಿಯಲ್ಲಿ ಎಲ್ಲ ಹೋದರೂ ಎಡಗಿವಿಗೆ ಶ್ರವಣಸಾಧನ ಹಾಕಿಕೊಂಡರೆ ದನಿಯ ಮೂಲ ಸ್ವರ ಅಲ್ಲಿಂದ ಬರುತ್ತದೆ, ನಿಮ್ಮ ಮಗಳ ಕೂಗೂ ಬರುತ್ತದೆ. ಅಷ್ಟರ ಮಟ್ಟಿಗೆ ನೀವು ಎಲ್ಲವನ್ನೂ ಒತ್ತೆಯಿಡುತ್ತಿಲ್ಲ.

ಇಳಿಜಾರು
ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಲಗಿವಿಯ ಭಯದಲ್ಲಿ ಎಡಗಿವಿ ಮನಸ್ಸಿನಿಂದಲೇ ಬಿಟ್ಟುಹೋಗಿತ್ತು.

ಶ್ರವಣತಜ್ಞೆ
ಶಸ್ತ್ರಚಿಕಿತ್ಸೆಯ ನಂತರದ ದಿನಗಳ ಬಗ್ಗೆ ಎರಡು ಮಾತು. ಮೊದಲ ಕೆಲವು ವಾರ ನಡುಗಿವಿಯಲ್ಲಿ ರಕ್ತ ಅಥವಾ ದ್ರವ ತುಂಬಿರುವುದರಿಂದ ಕೇಳುವುದು ಮಂದವಾಗಿರುತ್ತದೆ, ಆಗಲೇ ಎಲ್ಲ ಹೋಯಿತೆಂದು ಎದೆಗುಂದಬೇಡಿ. ಮೂಳೆಯ ಮೂಲಕ ಶಬ್ದ ಕಳುಹಿಸುವ ಪರೀಕ್ಷೆ ಮಾಡಿದರೆ ನಿಜ ಸ್ಥಿತಿ ತಿಳಿಯುತ್ತದೆ. ಹಾಗೆಯೇ ಸ್ವಿಚ್ ಆನ್ ಮಾಡುವ ದಿನ, ಮ್ಯಾಪಿಂಗ್‌ಗೆ (ಇಂಪ್ಲಾಂಟ್‌ನ ಹೊಂದಾಣಿಕೆಗೆ) ಕೂರುವ ಮೊದಲು, ಹೊಸ ಆಡಿಯೋಗ್ರಾಮ್ ಮಾಡಲೇಬೇಕೆಂದು ಕೇಳಿ. ಎಲ್ಲಿಯವರೆಗೆ ಶಬ್ದ, ಎಲ್ಲಿಂದ ವಿದ್ಯುತ್ತು ಎಂಬ ಗಡಿಯನ್ನು ಆ ಹಾಳೆಯನ್ನು ನೋಡಿಯೇ ಇಡಬೇಕು. ಹಳೆಯ ಆಡಿಯೋಗ್ರಾಮ್ ಹಿಡಿದು ಗಡಿ ಹಾಕಿ, ನಡುವೆ ಯಾವುದಕ್ಕೂ ಸೇರದ ಒಂದು ಖಾಲಿ ಪಟ್ಟಿ ಉಳಿದುಹೋದ ರೋಗಿಗಳನ್ನು ನೋಡಿದ್ದೇನೆ.

ಎರಡು ದನಿ
ಇದು ನಿಜ. ಮೊದಲ ಮ್ಯಾಪ್‌ನಲ್ಲಿ ದನಿಗಳು ಎರಡು ತುಂಡಾಗಿ ಕೇಳುತ್ತಿದ್ದವು. ಗಡಿ ಬದಲಿಸಿದ ಮೇಲೆ ಎರಡು ಮೂರು ತಿಂಗಳಲ್ಲಿ ಒಂದಾದವು.

ಇಳಿಜಾರು
ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ದುಂಡು ಕಿಟಕಿಯಿಂದ ಹೋಗುವಿರಾ, ಸ್ಟಿರಾಯ್ಡ್ ಹೇಗೆ ಕೊಡುವಿರಿ, ಶ್ರವಣ ಹೋದರೂ ಸಾಲುವ ಉದ್ದ ಯಾವುದು, ನಿಮ್ಮ ರೋಗಿಗಳಲ್ಲಿ ಒಂದು ವರ್ಷದ ಮೇಲೆ ಎಷ್ಟು ಮಂದಿಗೆ ಬಳಕೆಗೆ ಬರುವಷ್ಟು ಉಳಿದಿದೆ ಎಂದು ಕೇಳಲು ಬರೆದಿಟ್ಟುಕೊಂಡಿದ್ದೇನೆ. ಹಿಂದಿನ ದಿನದ ಆಡಿಯೋಗ್ರಾಮ್ ಅನ್ನೂ ಸ್ವಿಚ್ ಆನ್ ದಿನದ್ದನ್ನೂ ಇಲ್ಲಿಯೇ ಹಾಕುತ್ತೇನೆ.

ಮೂರನೆಯ ತಿಂಗಳು
ಮೂರನೆಯ ತಿಂಗಳದ್ದನ್ನೂ ಹಾಕಿ. ಅದಕ್ಕೂ ಮುಖ್ಯವಾಗಿ, ಬಲಗಿವಿಯಲ್ಲಿ ದನಿ ಮಂದವಾಯಿತು ಎನಿಸಿದರೆ ಅದೇ ದಿನ ವೈದ್ಯರ ಬಳಿಗೆ ಹೋಗಿ. ಆಗ ಕೊಟ್ಟ ಸ್ಟಿರಾಯ್ಡ್‌ನಿಂದ ಕೆಲವರಿಗೆ ಮರಳಿ ಬಂದದ್ದಿದೆ, ಎಲ್ಲರಿಗೂ ಬರುತ್ತದೆ ಎಂದಲ್ಲ. ನಾನು ಶ್ರವಣಸಾಧನದ ಮೋಲ್ಡ್‌ನಲ್ಲಿ, ಅಂದರೆ ಕಿವಿಯೊಳಗೆ ಕೂರುವ ಅಚ್ಚಿನಲ್ಲಿ, ಗುಗ್ಗೆ ಕಟ್ಟಿದೆ ಎಂದುಕೊಂಡು ಹತ್ತು ದಿನ ಅದನ್ನೇ ತೊಳೆಯುತ್ತ ಕುಳಿತಿದ್ದೆ.